ನದಿ ದಂಡೆಯಲ್ಲಿ "ಮಕ್ಕಳೇ, ಮೇಲೆ ಬನ್ನಿ" ಎನ್ನುವ ಅಧಿಕಾರ ಯಾರದು? ಶಿಬಿರದ ನಾಯಕತ್ವದ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಯುವಜನ ಸಂಘದ ಕಾರ್ಯದರ್ಶಿ, ಉಡುಪಿ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಉಡುಪಿಯ ಒಂದು ಸಭೆಯ ಯುವಜನ ಸಂಘದಲ್ಲಿ ಆರು ವರ್ಷಗಳಿಂದ ಸೇವೆ ಮಾಡುತ್ತಿದ್ದೇನೆ. ಪ್ರತಿ ವರ್ಷ ದಸರಾ ರಜೆಯಲ್ಲಿ 13ರಿಂದ 17 ವರ್ಷದೊಳಗಿನ ಸುಮಾರು 45 ಮಕ್ಕಳನ್ನು ಹೆಬ್ರಿಯ ಕಡೆಗೆ ಮೂರು ದಿನಗಳ ಹೊರಾಂಗಣ ಶಿಬಿರಕ್ಕೆ ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ ವೇದಪಾಠ, ಆಮೇಲೆ ಚಾರಣ, ಸಂಜೆ ಬೆಂಕಿಯ ಸುತ್ತ ಹಾಡು ಮತ್ತು ಸಾಕ್ಷಿ (ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವುದು), ಇದು ನಮ್ಮ ಕ್ರಮ. ಈ ವರ್ಷ ಶಿಬಿರದ ಪೂರ್ಣ ಹೊಣೆಯನ್ನು ಸಭಾ ಸಮಿತಿಯು ನನಗೆ ಒಪ್ಪಿಸಿದೆ. ಒಪ್ಪಿಕೊಂಡ ದಿನದಿಂದ ಒಂದು ಸಂಗತಿ ನನ್ನನ್ನು ಕಾಡುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ವರ್ಷ ಎರಡನೆಯ ದಿನ ಮಧ್ಯಾಹ್ನ ಮಕ್ಕಳು ಸೀತಾ ನದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದರು. ನಾವಿದ್ದಲ್ಲಿ ಒಳ್ಳೆಯ ಬಿಸಿಲಿತ್ತು, ಆದರೆ ಪೂರ್ವಕ್ಕೆ ಘಟ್ಟದ ಮೇಲೆ ಮೋಡ ಕಪ್ಪಾಗಿತ್ತು. ನಮಗೆ ಅಡುಗೆ ಮಾಡಲು ಬಂದಿದ್ದ ಅದೇ ಊರಿನ ಅಮ್ಮ ಸೌಟು ಕೈಯಲ್ಲಿ ಹಿಡಿದುಕೊಂಡೇ ದಂಡೆಗೆ ಬಂದು, "ಮೇಲೆ ಮಳೆ ಬಿದ್ದಿದೆ, ಮಕ್ಕಳನ್ನು ಕರೆಯಿರಿ" ಎಂದರು. ಶಿಬಿರದ ನಾಯಕರು ನಾನು ಬಹಳ ಗೌರವಿಸುವ ಹಿರಿಯರು. ಅವರು, "ಬೆಳಿಗ್ಗೆಯೇ ಪ್ರಾರ್ಥಿಸಿದ್ದೇವೆ, ಕರ್ತನು ಕಾಯುತ್ತಾನೆ" ಎಂದು ಹೇಳಿ ಆಟ ಮುಂದುವರಿಸಿದರು. ನೀರಿನ ಬಣ್ಣ ಕೆಂಪಾಗುತ್ತಿರುವುದನ್ನೂ, ಒಣ ಎಲೆ ಮತ್ತು ಕಡ್ಡಿಗಳು ತೇಲಿ ಬರುತ್ತಿರುವುದನ್ನೂ ನಾನು ನೋಡಿದ್ದೆ. ಆದರೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಚಪ್ಪಲಿ ಬಿಟ್ಟಿದ್ದ ಬಂಡೆ ನೀರಿನಲ್ಲಿ ಮುಳುಗಿತು. ಎಲ್ಲರೂ ಕೈ ಕೈ ಹಿಡಿದು ಮೇಲೆ ಬಂದರು. ಹನ್ನೊಂದು ಜೊತೆ ಚಪ್ಪಲಿ ಹೋದದ್ದನ್ನು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆ ಸಂಜೆ ಅದೇ ಘಟನೆಯನ್ನು ದೇವರ ಕಾಪಾಡುವಿಕೆಯ ಸಾಕ್ಷಿಯಾಗಿ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ದೇವರು ಕಾಪಾಡಿದನೆಂಬುದನ್ನು ನಾನೂ ನಂಬುತ್ತೇನೆ. ಆದರೆ ಆ ಕ್ಷಣದಲ್ಲಿ ಬೇಡವೆಂದು ಹೇಳುವುದು ಅಲ್ಪವಿಶ್ವಾಸವಾಗುತ್ತಿತ್ತೇ? ಎರಡನೆಯದಾಗಿ, ಈ ವರ್ಷದ ಗುಂಪು ನಾಯಕರ ಸ್ಥಾನಕ್ಕೆ ಸಮಿತಿ ಸೂಚಿಸಿರುವವರೆಲ್ಲರೂ ಚೆನ್ನಾಗಿ ಪ್ರಾರ್ಥಿಸುವವರು, ಚೆನ್ನಾಗಿ ಮಾತನಾಡುವವರು. ನಮ್ಮಲ್ಲಿ ಇನ್ನೊಬ್ಬ ಯುವಕನಿದ್ದಾನೆ. ಈಜು ಬಲ್ಲವನು, ಬಸ್ಸು ಹತ್ತುವಾಗಲೂ ಇಳಿಯುವಾಗಲೂ ಯಾರೂ ಹೇಳದೆ ಮಕ್ಕಳ ತಲೆ ಎಣಿಸುವವನು. ಎದ್ದು ನಿಂತು ಸಾಕ್ಷಿ ಹೇಳಿದವನಲ್ಲವಾದ್ದರಿಂದ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ನಾಯಕರನ್ನು ಆರಿಸುವಾಗ ಯಾವುದನ್ನು ನೋಡಬೇಕು?

ಉತ್ತರ 1 (ಶಿಬಿರ ಸೇವೆಯಲ್ಲಿ ಬಹುಕಾಲ ಇದ್ದವರು, ಬಲ್ಮಠ, ಮಂಗಳೂರು)

ತಂಗಿ, ನಿಮ್ಮ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಅದು ಅಲ್ಪವಿಶ್ವಾಸವಾಗುತ್ತಿರಲಿಲ್ಲ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನನು ಯೇಸುವಿಗೆ ಹೇಳಿದ್ದು ಕೀರ್ತನೆಯ ವಾಗ್ದಾನವನ್ನೇ ಹಿಡಿದುಕೊಂಡು. ಯೇಸು ಅದಕ್ಕೆ ಕೊಟ್ಟ ಉತ್ತರ, ನಿನ್ನ ದೇವರನ್ನು ಪರೀಕ್ಷಿಸಬಾರದು ಎಂಬುದು (ಮತ್ತಾಯ 4:7). ವಾಗ್ದಾನವಿದೆ ಎಂಬ ಕಾರಣಕ್ಕೆ ಮಕ್ಕಳನ್ನು ಏರುವ ನೀರಿನಲ್ಲಿ ನಿಲ್ಲಿಸುವುದನ್ನು ನಾನು ಆ ಶಿಖರದ ಪಕ್ಕದಲ್ಲಿಯೇ ಇಟ್ಟು ನೋಡುತ್ತೇನೆ.

ಇದಕ್ಕಿಂತಲೂ ಹೆಚ್ಚಾಗಿ ನಾನು ನಾಯಕರ ತರಬೇತಿಯಲ್ಲಿ ಓದಿಸುವುದು ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ. ಖೈದಿಯಾಗಿ ಹಡಗಿನಲ್ಲಿ ರೋಮಿಗೆ ಹೋಗುತ್ತಿದ್ದ ಅಪೊಸ್ತಲ ಪೌಲನು, ಉಪವಾಸದ ದಿನ ಕಳೆದುಹೋಗಿದೆ (ಅಂದರೆ ಚಳಿಗಾಲ ಹತ್ತಿರವಾಗಿದೆ), ಇನ್ನು ಪ್ರಯಾಣ ಅಪಾಯ ಎಂದು ಎಚ್ಚರಿಸುತ್ತಾನೆ. ಅಂದರೆ ಅವನು ಮೊದಲು ನೋಡಿದ್ದು ಕಾಲವನ್ನು. ನಮ್ಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳ 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯುವುದಿಲ್ಲ. ಮಲ್ಪೆಯ ಬಂದರಿನಲ್ಲಿ ಅದನ್ನು ಅಂಜುಬುರುಕತನವೆಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಖೈದಿಗಳ ಕಾವಲಿಗಿದ್ದ ರೋಮನ್ ಶತಾಧಿಪತಿಯು ಪೌಲನ ಮಾತನ್ನು ಬಿಟ್ಟು ಹಡಗಿನ ಯಜಮಾನನ ಮಾತನ್ನು ಕೇಳಿದ್ದರಿಂದ 276 ಮಂದಿ ಬಿರುಗಾಳಿಗೆ ಸಿಕ್ಕಿದರು. ನಡುಗಡಲಿನಲ್ಲಿ ದೇವದೂತನು ಬಂದು, ಯಾರ ಪ್ರಾಣಕ್ಕೂ ನಷ್ಟವಿಲ್ಲ ಎಂದು ಪೌಲನಿಗೆ ಭರವಸೆ ಕೊಟ್ಟನು. ಆ ಭರವಸೆ ಕೈಯಲ್ಲಿದ್ದೂ, ನಾವಿಕರು ಗುಟ್ಟಾಗಿ ಚಿಕ್ಕ ದೋಣಿಯನ್ನು ಇಳಿಸಿ ತಪ್ಪಿಸಿಕೊಳ್ಳಲು ಹೊರಟಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಅದೇ ಪೌಲನು ಹೇಳುತ್ತಾನೆ. ನಾನು ಎಷ್ಟೋ ವರ್ಷ ಈ ವಚನವನ್ನು ಗಮನಿಸದೆ ದಾಟಿ ಹೋಗಿದ್ದೆ. ದೇವರ ಮಾತನ್ನು ಪೂರ್ತಿಯಾಗಿ ನಂಬಿದವನೇ ಹಡಗು ನಡೆಸಲು ಬಲ್ಲವರನ್ನು ಬಿಡಬಾರದೆಂದು ಹಟ ಹಿಡಿದನು. ನಿಮ್ಮ ಶಿಬಿರದಲ್ಲಿ ಆ ನಾವಿಕರ ಸ್ಥಾನದಲ್ಲಿ ಇದ್ದವರು ಸೌಟು ಹಿಡಿದು ಬಂದ ಆ ಅಮ್ಮ.

ಅವರು ಹೇಳಿದ್ದರ ಹಿಂದಿನ ಕಾರಣವನ್ನೂ ಮಕ್ಕಳಿಗೆ ಕಲಿಸಬೇಕು. ಸೀತಾ ನದಿಯ ನೀರು ಆಗುಂಬೆಯ ಸುತ್ತಲಿನ ಘಟ್ಟದಿಂದ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇಳಿಜಾರು ಕಡಿದಾಗಿರುವುದರಿಂದ ಮೇಲೆ ಬಿದ್ದ ಮಳೆ ಬೇಗ ಕೆಳಗೆ ತಲುಪುತ್ತದೆ, ಕೆಳಗೆ ಬಿಸಿಲಿದ್ದರೂ ಹೊಳೆ ಏರುತ್ತದೆ. ನೀವು ಕಂಡ ಕೆಂಪು ಬಣ್ಣ ಮತ್ತು ಕಸಕಡ್ಡಿ ಅದರ ಮುನ್ಸೂಚನೆ. ಅಕ್ಟೋಬರ್ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಕೂಡ ಇರುವುದರಿಂದ ನೀರಾಟವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಗುಡುಗು ಕೇಳಿದ ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಹೊರಗೆ ಬಿಡಬೇಡಿ.

1868ರಲ್ಲಿ ಜೋಸಯ್ಯ ಸ್ಪಿಯರ್ಸ್ ಎಂಬವರು ವೇಲ್ಸಿನ ಲ್ಯಾಂಡಡ್ನೊ ಕಡಲತೀರದಲ್ಲಿ ಮರಳಿನ ಮೇಲೆ "ದೇವರು ಪ್ರೀತಿಸ್ವರೂಪನು" ಎಂದು ಬರೆದು, ಆ ಅಕ್ಷರಗಳನ್ನು ಅಲಂಕರಿಸಲು ಮಕ್ಕಳನ್ನು ಕರೆದರು. ಮಕ್ಕಳ ನಡುವಿನ ಹೊರಾಂಗಣ ಸುವಾರ್ತಾ ಸೇವೆ ಬೆಳೆದದ್ದು ಅಂಥ ಮರಳಿನ ಮೇಲೆ. ಕಡಲು, ಹೊಳೆ, ಗುಡ್ಡಗಳು ಮಕ್ಕಳೊಂದಿಗೆ ಮಾತನಾಡಲಿ ಎಂದೇ ನಾವೂ ಅವರನ್ನು ಗೋಡೆಯ ಹೊರಗೆ ಕರೆದೊಯ್ಯುತ್ತೇವೆ. ಹಾಗಿರುವಾಗ ಹೊಳೆಯೇ ಮಾತನಾಡಿದಾಗ ನಾವು ಕಿವಿಗೊಡದಿದ್ದರೆ ಅಲ್ಲಿಗೆ ಹೋಗಿ ಫಲವೇನು?

ಆಯ್ಕೆಯ ಬಗ್ಗೆ ಹೇಳುವುದಾದರೆ, ಸಭೆಯ ನಾಯಕರು ಹೇಗಿರಬೇಕೆಂದು ತಿಳಿಸುವ 1 ತಿಮೊಥೆಯ 3ನೆಯ ಅಧ್ಯಾಯವನ್ನು ಸಮಿತಿಯ ಮುಂದೆ ನಿಧಾನವಾಗಿ ಓದಿಸಿ. ಅಲ್ಲಿ ಬೋಧಿಸಬಲ್ಲವನು ಎಂಬುದು ಒಂದೇ ಮಾತಿನಲ್ಲಿ ಬರುತ್ತದೆ; ಉಳಿದದ್ದು ಬಹುಪಾಲು ನಡತೆ, ಮನೆವಾರ್ತೆ, ಹೊರಗಿನವರಿಂದ ಪಡೆದ ಒಳ್ಳೆಯ ಹೆಸರು. ಆ ಯುವಕನ ಬಗ್ಗೆ ಅಡುಗೆಯ ಅಮ್ಮನನ್ನೂ ಬಸ್ಸಿನ ಚಾಲಕನನ್ನೂ ಕೇಳಿ ನೋಡಿ. ನೀರು ಮತ್ತು ಚಾರಣದ ಹೊಣೆಯನ್ನು ಅವನಿಗೆ ಕೊಟ್ಟು, ಅವನು ನಿಲ್ಲಿಸಿ ಎಂದರೆ ಸಭಾಪಾಲಕರೂ ಸೇರಿದಂತೆ ಯಾರೂ ಮರುಮಾತಾಡಬಾರದೆಂದು ಹೊರಡುವ ಮೊದಲೇ ಎಲ್ಲರ ಎದುರು ತೀರ್ಮಾನಿಸಿ. ದಂಡೆಯ ಮೇಲೆ ನಿಂತು ಚರ್ಚಿಸಲು ಸಮಯವಿರುವುದಿಲ್ಲ.

ಉತ್ತರ 2 (ಶುಶ್ರೂಷಕಿ ಮತ್ತು ಶಿಬಿರಾರ್ಥಿಯೊಬ್ಬಳ ತಾಯಿ, ಮಂಗಳೂರು)

ನದಿಯ ವಿಷಯವನ್ನು ಅಣ್ಣನವರು ವಿವರವಾಗಿ ಹೇಳಿದ್ದಾರೆ. ತಾಯಿಯಾಗಿ ನಾನು ಕೇಳುವುದು ಬೇರೆ. ಯಾವ ಮಗುವಿಗೆ ಉಬ್ಬಸವಿದೆ, ಯಾವ ಮಗುವಿಗೆ ಫಿಟ್ಸ್ ಬರುತ್ತದೆ, ಅವರ ಔಷಧಿ ಯಾರ ಚೀಲದಲ್ಲಿದೆ ಎಂಬುದು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೇಳಿದರೂ ಗುಂಪು ನಾಯಕರಿಗೆ ತಿಳಿದಿರಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದಾಗಲಿ ಕೊಯ್ಯುವುದಾಗಲಿ ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಆಸ್ಪತ್ರೆ ಯಾವುದೆಂದು ಹೋಗುವ ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತನ್ನು ನಮ್ಮ ಸಭೆಗಳಲ್ಲಿ ಹೇಳಲು ಸಂಕೋಚಪಡುತ್ತಾರೆ, ಆದ್ದರಿಂದ ನಾನೇ ಬರೆಯುತ್ತೇನೆ. ಆತ್ಮಿಕ ಸಲಹೆಯ ಹೆಸರಿನಲ್ಲಿಯೂ ಯಾವ ಹಿರಿಯರೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಮಾತನಾಡುವುದು ಇತರರಿಗೆ ಕಾಣುವ ಜಾಗದಲ್ಲಿ ಆಗಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಅದನ್ನು ಸಮಿತಿಯೊಳಗೆ ಪ್ರಾರ್ಥಿಸಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಊಟದ ಚಪ್ಪರದಲ್ಲಿ ಮಕ್ಕಳಿಗೆ ಕಾಣುವಂತೆ ಅಂಟಿಸಿ.

ಉತ್ತರ 3 (ಕಥೋಲಿಕ ಯುವಜನರ ಮಾರ್ಗದರ್ಶಕ, ಕಲ್ಯಾಣಪುರ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಒಂದು ಅಂಶದಲ್ಲಿ ಮಾತ್ರ ಸ್ವಲ್ಪ ಬೇರೆಯಾಗಿ ಯೋಚಿಸುತ್ತೇನೆ. ಎಚ್ಚರಿಕೆಯ ಪಟ್ಟಿಗಳನ್ನು ಮಾಡುತ್ತಾ ಹೋದಂತೆ ನಾವು ಒಳ್ಳೆಯ ಪ್ರವಾಸ ವ್ಯವಸ್ಥಾಪಕರಾಗಿ, ಮಕ್ಕಳು ಏನನ್ನು ಹುಡುಕಿಕೊಂಡು ಬಂದರೆಂಬುದನ್ನೇ ಮರೆತುಬಿಡುವ ಸಾಧ್ಯತೆಯಿದೆ. ಚೆನ್ನಾಗಿ ಪ್ರಾರ್ಥಿಸುವವರೂ ಬೇಕು. ಆದರೆ ಅವರು ಕೇಳಿಸಿಕೊಳ್ಳುವವರೂ ಆಗಿರಬೇಕು.

ನಮ್ಮ ಒಂದು ಶಿಬಿರದಲ್ಲಿ ಕೊನೆಯ ರಾತ್ರಿ ಹನ್ನೊಂದು ಗಂಟೆಗೆ, ಬೆಂಕಿಯ ಮುಂದೆ, ಹಾಡಿನ ನಡುವೆ, ಯೇಸುವಿಗೆ ಜೀವನ ಒಪ್ಪಿಸುವವರು ಎದ್ದು ಬನ್ನಿ ಎಂದು ಕರೆದೆವು. ಎಲ್ಲರೂ ಅಳುತ್ತಾ ಬಂದರು. ನಮಗೆ ಬಹಳ ಸಂತೋಷವಾಯಿತು. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ಕುಳಿತು, ಗಂಜಿಯ ಚರಿಗೆಗೆ ಬೂದಿ ಉಜ್ಜುತ್ತಾ, "ಎಲ್ಲರೂ ಎದ್ದದ್ದಕ್ಕೆ ನಾನೂ ಎದ್ದೆ, ಅದು ಸುಳ್ಳಾಯಿತಲ್ಲವೇ?" ಎಂದು ಮೆಲ್ಲಗೆ ಕೇಳಿದನು. ದಣಿದು ನಿದ್ದೆಗೆಟ್ಟ ಮಕ್ಕಳಿಂದ ನಾವು ನಿರ್ಧಾರವನ್ನು ಕಿತ್ತುಕೊಂಡೆವೆಂದು ಅಂದು ನನಗೆ ತಿಳಿಯಿತು. ಅವನ ಜೊತೆ ಆ ಚರಿಗೆಯ ಮುಂದೆ ನಡೆದ ಅರ್ಧ ಗಂಟೆಯ ಮಾತೇ ಆ ಶಿಬಿರದಲ್ಲಿ ನಾನು ಮಾಡಿದ ನಿಜವಾದ ಸೇವೆ. ಅಂದಿನಿಂದ ನಾವು ರಾತ್ರಿ ಅಂಥ ಕರೆ ಕೊಡುವುದಿಲ್ಲ. ಯೋಹಾನ 21ರಲ್ಲಿ ಪುನರುತ್ಥಾನಗೊಂಡ ಯೇಸು ರಾತ್ರಿಯಿಡೀ ದುಡಿದ ಶಿಷ್ಯರಿಗೆ ಕೆಂಡದ ಮೇಲೆ ಮೀನು ಸುಟ್ಟು, ಮೊದಲು ಬಂದು ಊಟ ಮಾಡಿರಿ ಎನ್ನುತ್ತಾನೆ. ನನ್ನನ್ನು ಪ್ರೀತಿಸುತ್ತೀಯೋ ಎಂದು ಪೇತ್ರನನ್ನು ಕೇಳುವುದು ಅವರು ಉಂಡ ಮೇಲೆ.

ಸಹೋದರಿ, ನಿಮ್ಮನ್ನು ಒಂದು ಪ್ರಶ್ನೆ ಕೇಳಬಹುದೇ? ಕಳೆದ ವರ್ಷದ ಆ ಹಿರಿಯರೊಡನೆ ನೀವು ಇದನ್ನು ಮಾತನಾಡಿದ್ದೀರಾ?

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಮಾತನಾಡಿರಲಿಲ್ಲ. ಆ ಕೊನೆಯ ಪ್ರಶ್ನೆಯನ್ನು ಓದಿದ ಮೇಲೆ ಕಳೆದ ಭಾನುವಾರ ಆರಾಧನೆ ಮುಗಿಸಿ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರು ಪೂರ್ತಿ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, "ಬಂಡೆ ಮುಳುಗಿದಾಗ ನನ್ನ ಕಾಲು ನಡುಗಿತ್ತು. ಸಾಕ್ಷಿ ಹೇಳಿದ್ದು ಆ ನಡುಕ ಅಡಗಲೆಂದು" ಎಂದರು. ಆಮೇಲೆ, ನೀನು ಬಣ್ಣ ಬದಲಾದದ್ದನ್ನು ನೋಡಿದ್ದರೆ ನನಗೇಕೆ ಹೇಳಲಿಲ್ಲ ಎಂದು ಕೇಳಿದರು. ಅವರ ಮುಂದೆ ಮಾತನಾಡಲು ನನಗೆ ಭಯವಿತ್ತೆಂದು ಹೇಳಿದೆ. ಅದಕ್ಕೆ ಅವರು, ಹಾಗಾದರೆ ತಪ್ಪಿನಲ್ಲಿ ನನ್ನ ಪಾಲು ನೀನು ಅಂದುಕೊಂಡದ್ದಕ್ಕಿಂತ ದೊಡ್ಡದು ಎಂದರು.

ಸಮಿತಿಯಲ್ಲಿ ಆ ಯುವಕನ ಹೆಸರನ್ನು ಸೂಚಿಸಿದವರು ಅವರೇ. ನೀರಿನ ಹೊಣೆ ಅವನಿಗೆ ಸಿಕ್ಕಿದೆ, ನಿಲ್ಲಿಸುವ ಅಧಿಕಾರವನ್ನು ಬರೆದು ಸಹಿ ಹಾಕಿದ್ದೇವೆ. ವೇದಪಾಠವನ್ನು ಹಿರಿಯರು ನಡೆಸಿಕೊಡುತ್ತಾರೆ. ಅಪೊಸ್ತಲರ ಕೃತ್ಯಗಳು 27ನ್ನೇ ಓದಿಸುವೆನೆಂದು ಹೇಳಿದ್ದಾರೆ. ಅಡುಗೆಯ ಅಮ್ಮನಿಗೆ ನಿನ್ನೆ ಫೋನ್ ಮಾಡಿದೆ. ಈ ಸಲವೂ ಬರುತ್ತಾರಂತೆ, ಮಕ್ಕಳಿಗೆ ಹೊಳೆಯನ್ನು ತೋರಿಸಿ ಒಂದು ಗಂಟೆ ಪಾಠ ಹೇಳಲು ಮೊದಲು ನಾಚಿಕೊಂಡರೂ ಕೊನೆಗೆ ಒಪ್ಪಿದ್ದಾರೆ.