ಮುಸ್ಸಂಜೆಯೋ, ಮಬ್ಬುಗತ್ತಲೋ?

ಗೆಳೆಯರೇ,

ಮೂಡಿಗೆರೆಯ ನಮಗೆ ಕಡಲು ಕಾಣಬೇಕೆಂದರೆ ಚಾರ್ಮಾಡಿ ಘಾಟಿ ಇಳಿಯಬೇಕು. ಆದರೂ ಕಡಲಿನದೇ ಒಂದು ಪದ ವಾರದಿಂದ ಕಾಡುತ್ತಿದೆ. ಇಲ್ಲಿನ ಮಕ್ಕಳ ಗೋಡೆಪತ್ರಿಕೆಗೆ ಬರೆಯುತ್ತಿದ್ದೇನೆ. ನೀರಿನ ಮೇಲ್ಮೈಯಿಂದ ಸುಮಾರು 200 ಮೀಟರ್ ಕೆಳಗೆ ಶುರುವಾಗಿ 1000 ಮೀಟರ್‌ವರೆಗೆ ಇರುವ ಪದರವನ್ನು ಇಂಗ್ಲಿಷಿನವರು ಟ್ವೈಲೈಟ್ ಝೋನ್ ಅನ್ನುತ್ತಾರಲ್ಲ, ಅದಕ್ಕೆ ನಾವು ಏನನ್ನೋಣ?

'ಸಂಧ್ಯಾ ವಲಯ' ಮಕ್ಕಳಿಗೆ ಭಾರ ಅಂತ 'ಮುಸ್ಸಂಜೆ ಪದರ' ಎಂದು ಬರೆದೆ. ಎಡವಟ್ಟಾಯಿತು. ಅಲ್ಲಿನ ಎಷ್ಟೋ ಮೀನು, ಸಿಗಡಿಗಳು ಹಗಲೆಲ್ಲ ಕೆಳಗಿದ್ದು, ಹೊತ್ತು ಮುಳುಗಿದಾಗ ಮೇಯಲು ಮೇಲೆ ಬರುತ್ತವೆ. ಬೆಳಕು ಹರಿಯುವಷ್ಟರಲ್ಲಿ ಮತ್ತೆ ಇಳಿಯುತ್ತವೆ. (ಎರಡನೇ ಮಹಾಯುದ್ಧದ ಕಾಲದಲ್ಲಿ ಸೋನಾರ್ ಬಿಟ್ಟು, ಅಂದರೆ ನೀರಿಗೆ ಸದ್ದು ಕಳಿಸಿ ಅದರ ಮಾರ್ದನಿಯಿಂದ ಆಳ ಅಳೆದು, ನೋಡಿದವರಿಗೆ ಈ ಹಿಂಡುಗಳೇ ಕಡಲ ತಳದ ಹಾಗೆ ಕಂಡಿದ್ದವು. ರಾತ್ರಿಯಾದರೆ ಆ 'ತಳ'ವೇ ಮೇಲೇರುತ್ತಿತ್ತು!) ಈಗ ನನ್ನ ವಾಕ್ಯ ನೋಡಿ: 'ಮುಸ್ಸಂಜೆಯ ಮೀನು ಮುಸ್ಸಂಜೆಗೆ ಮೇಲೇಳುತ್ತದೆ.' ಯಾವುದು ಜಾಗ, ಯಾವುದು ಹೊತ್ತು?

ಮುಸ್ಸಂಜೆ ಬಂದು ಹೋಗುವಂಥದ್ದು. ಅಲ್ಲಿ ನಡುಮಧ್ಯಾಹ್ನವೂ ಮಬ್ಬೇ. ಜುಲೈ ಮಳೆಯಲ್ಲಿ ನಮ್ಮಲ್ಲಿ ಮೂರು ಗಂಟೆಗೇ ಲೈಟು ಹಾಕುತ್ತೇವೆ. ಆಗ ಯಾರೂ ಸಂಜೆಯಾಯಿತು ಅನ್ನುವುದಿಲ್ಲ, ಮಬ್ಬು ಕವಿದಿದೆ ಅನ್ನುತ್ತೇವೆ, ಅಲ್ವಾ? ಹಾಗಾಗಿ 'ಮಬ್ಬುಗತ್ತಲ ಪದರ' ನನಗೆ ಹಿಡಿಸಿದೆ. ಮಬ್ಬು ಅಂದರೆ ಮಂಪರು, ಮಂದಬುದ್ಧಿ ಎಂಬ ಅರ್ಥವೂ ಇದೆ ಅನ್ನುವುದೊಂದೇ ಕಸಿವಿಸಿ. ಅಲ್ಲಿನ ಜೀವಿಗಳಂತೂ ಮಬ್ಬಲ್ಲ.

ಲ್ಯಾಂಟರ್ನ್ ಫಿಶ್ ಅನ್ನೇ ತಗೊಳ್ಳಿ. 'ಲಾಟೀನು ಮೀನು' ಅಂದುಬಿಡಬಹುದು. ಆದರೆ ಲಾಟೀನು ಹಿಡಿಯುವುದು ದಾರಿ ಕಾಣಲಿ ಅಂತ. ಈ ಮೀನಿನ ಹೊಟ್ಟೆಯಡಿಯ ಸಣ್ಣ ಸಣ್ಣ ದೀಪಗಳು ಇರುವುದು ಅದು ಕಾಣದಿರಲಿ ಅಂತ! ಕೆಳಗಿನಿಂದ ನೋಡುವ ಶತ್ರುವಿಗೆ ಮೇಲಿನ ಮಂದ ಬೆಳಕಿನೆದುರು ಮೀನಿನ ಮೈ ಕಪ್ಪಗೆ ಕಾಣುತ್ತದೆ. ಹೊಟ್ಟೆಯ ಬೆಳಕು ಆ ಕಪ್ಪನ್ನು ಅಳಿಸುತ್ತದೆ. ತೋಟದ ಮಿಂಚುಹುಳ ಜೋಡಿಯ ಕಣ್ಣಿಗೆ ಬೀಳಲು ಮಿನುಗಿದರೆ, ಇದು ಕಣ್ಣು ತಪ್ಪಿಸಲು ಮಿನುಗುತ್ತದೆ. ವಿಕಾಸದಲ್ಲಿ ಎದುರಾಳಿಗಳೂ ಸುಮ್ನೆ ಕೂತಿಲ್ಲ. ಅಲ್ಲಿನ ಕೆಲವು ಮೀನುಗಳ ಕಣ್ಣು ಕೊಳವೆಯಾಕಾರಕ್ಕೆ ಬಂದು ಮೇಲಕ್ಕೇ ತಿರುಗಿ ನಿಂತಿವೆ. ಅದನ್ನು 'ಮೇಲುಗಣ್ಣು' ಅನ್ನೋಣವೆಂದರೆ, ನಮ್ಮ ಕಡೆ ಮೇಲುಗಣ್ಣಾಯಿತು ಅಂದರೆ ಪ್ರಾಣ ಹೋಗುವ ಹೊತ್ತು!

ಕರಾವಳಿಯವರು ಯಾರಾದರೂ ಇದ್ದೀರಾ? ಆಳದ ಈ ಮಬ್ಬಿಗೆ, ಮೈ ಬೆಳಗುವ ಮೀನಿಗೆ ನಿಮ್ಮ ಮೀನುಗಾರರ ಬಾಯಲ್ಲಿ ಮಾತಿದ್ದರೆ ತಿಳಿಸಿ. ತುಳು, ಕೊಂಕಣಿಯದಾದರೂ ಸರಿ.