ಪದಚರ್ಚೆ: ಸಡಕ್ ಬಿಟ್ಟು ಹೋಗುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕರಪತ್ರ ಕೈಗೆ ಬಂದು ಒದ್ದಾಡುತ್ತಿದ್ದೇನೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಶ್ರದ್ಧಾಂಜಲಿ ಬ್ಯಾನರ್ ಇಂಥವಕ್ಕೆ ನಾನು ಪದ ಹುಡುಕಿದವನಲ್ಲ, ಬೆರಳು ತಾನೇ ಹೊಡೆಯುತ್ತದೆ. ಈ ಸಲದ್ದು ಬೇರೆ. ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಎಳ್ಳಮವಾಸ್ಯೆ ಮುಗಿದ ಮೇಲೆ ಮೂರು ದಿನ ಜೀಪ್ ತೊಗೊಂಡು ಹೊರಟಿದ್ದಾರೆ. ಏಳು ಗಾಡಿ, ಹತ್ತೊಂಬತ್ತು ಜನ. ಕಲಬುರಗಿಯಿಂದ ಮಳಖೇಡ, ಸೇಡಂ ಕಡೆಯ ಹೊಲದ ಹಾದಿ ಹಿಡಿದು ಚಿಂಚೋಳಿ. ಅಲ್ಲಿಂದ ಹುಮನಾಬಾದ್ ಮೇಲೆ ಬೀದರ್. ಡಾಂಬರು ಆದಷ್ಟು ಕಮ್ಮಿ. ಗಾಡಿ ಓಡಿಸುವವರಲ್ಲಿ ಅರ್ಧ ಜನ ಗ್ಯಾರೇಜಿನವರು, ಒಕ್ಕಲುತನದವರು. "ಇಂಗ್ಲಿಷ್ ಹಾಳಿ ಕೊಟ್ರ ಮಡಚಿ ಕಿಸೇದಾಗ ಇಡ್ತಾರ್ ಮಾಮಾ, ಯಾರೂ ಓದಂಗಿಲ್ಲ. ಕನ್ನಡದಾಗ ಮಾಡಿಕೊಡ್ರಿ" ಅಂದ.

ತಲೆಬರಹದಲ್ಲೇ ಕೈ ನಿಂತಿತು. 'ಆಫ್ ರೋಡ್' ಅನ್ನುವುದಕ್ಕೆ ಏನು ಹಾಕಲಿ? 'ರಸ್ತೆಯೇತರ ಪ್ರವಾಸ' ಅಂತ ಹೊಡೆದು ನೋಡಿದೆ. ಸುತ್ತೋಲೆ ಥರ ಕಂಡಿತು, ಕೆಳಗೆ ಅಧೀನ ಕಾರ್ಯದರ್ಶಿಯ ಸಹಿ ಒಂದು ಬಾಕಿ. 'ಹೊರಹಾದಿ' ಅಂದರೆ ಬೈಪಾಸ್ ಅಂದುಕೊಳ್ಳುತ್ತಾರೆ. 'ಅಡ್ಡಹಾದಿ' ಕೇಳಲು ಚೆನ್ನಾಗಿದೆ, ಆದರೆ ಅಡ್ಡಹಾದಿ ಹಿಡಿದವನಿಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. 'ಹಾದಿ ಬಿಟ್ಟವರು', 'ದಾರಿ ತಪ್ಪಿದವರು' ಇವಂತೂ ಬೇಡವೇ ಬೇಡ. ಹತ್ತೊಂಬತ್ತು ಮನೆಯವರು ಬಂದು ನನ್ನ ಅಂಗಡಿ ಮುಂದೆ ನಿಲ್ಲುತ್ತಾರೆ. ನೋಡಿ, ಕನ್ನಡದಲ್ಲಿ ಹಾದಿ ಬಿಡುವುದು ಅಂದರೆ ಒಂದೋ ತಪ್ಪು, ಇಲ್ಲಾ ಅವಗಡ. ಬೇಕಂತಲೇ, ರಜಾ ಹಾಕಿ, ದುಡ್ಡು ಖರ್ಚು ಮಾಡಿ ಹಾದಿ ಬಿಡುವವರಿಗೆ ಒಂದು ಮಾತಿಲ್ಲ.

ಇದೇ ನನ್ನ ಮುಖ್ಯ ಪ್ರಶ್ನೆ. ಉತ್ತರದ ಒಂದು ತುಂಡು ಹೋದ ತಿಂಗಳು ಹೊಲದಲ್ಲಿ ಸಿಕ್ಕಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹಾದಿ ನೋಡಿ ಬರೋಣ ಅಂತ ಅಳಿಯ ನನ್ನನ್ನೂ ಕೂರಿಸಿಕೊಂಡು ಹೋಗಿದ್ದ. ಮಳಖೇಡದ ಆಚೆ, ಕಾಗಿಣಾ ಹೊಳೆಯ ದಂಡೆಗುಂಟ. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು. ಎರಿ ಮಣ್ಣು ನಿಮಗೆ ಗೊತ್ತಲ್ಲ, ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೆಣ್ಣೆ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಆಳವಾಗಿ ಕೊರಕಲು ಬಿದ್ದಿದ್ದವು. ಅಳಿಯ ಗಾಲಿಗಳನ್ನು ನೇರ ಅದರೊಳಗೇ ಇಳಿಸಿದ. ಇಪ್ಪತ್ತು ಮಾರು ಹೋಗಿರಬಹುದು. ಗಾಡಿ ನಿಂತಿತು. ನಾಲ್ಕೂ ಗಾಲಿ ಗರಗರ ತಿರುಗುತ್ತಿವೆ, ಗಾಡಿ ಮಾತ್ರ ಕದಲುತ್ತಿಲ್ಲ. ಪಕ್ಕದ ತೊಗರಿ ಹೊಲದಿಂದ ಒಬ್ಬ ಯಜಮಾನರು ಬಂದರು. ಧೋತರ ಎತ್ತಿ ಕಟ್ಟಿ, ಮೊಣಕಾಲೂರಿ ಜೀಪಿನ ಕೆಳಗೆ ನೋಡಿದರು.

"ಹೊಟ್ಟಿ ಮ್ಯಾಲ ಕುಂತದ" ಅಂದರು.

ಇದಕ್ಕೆ ಅಳಿಯನ ಹತ್ತಿರ ಒಂದು ಇಂಗ್ಲಿಷ್ ಪದ ಇತ್ತು. ಅದರ ಅರ್ಥ ನನಗೆ ಬಿಡಿಸಿ ಹೇಳಲು ಅವನಿಗೆ ಐದು ನಿಮಿಷ ಬೇಕಾಗಿತ್ತು: ಗಾಡಿಯ ನಡುಭಾಗ ನೆಲಕ್ಕೆ ತಗುಲಿ, ಭಾರವೆಲ್ಲ ಅಲ್ಲೇ ಕೂತು, ಗಾಲಿಗೆ ಹಿಡಿತ ತಪ್ಪುವುದು. ಯಜಮಾನರು ಮೂರು ಮಾತಿನಲ್ಲಿ ಮುಗಿಸಿದರು. ಆಮೇಲೆ ಎರಡು ಕೊರಕಲಿನ ನಡುವೆ ಎದ್ದು ನಿಂತ ಮಣ್ಣಿಗೆ ಕೋಲು ತೋರಿಸಿದರು. "ಗಾಲಿ ತಗ್ಗಿನ ಗುಂಟ ಬಿಡಬ್ಯಾಡ ತಮ್ಮಾ. ಒಂದು ಗಾಲಿ ಈ ದಿಂಡಿನ ಮ್ಯಾಲ ಇಡು, ಇನ್ನೊಂದು ಆಚಿ ಅಂಚಿಗಿ ಇಡು." ಕೊರಕಲು ಆಳವಿದ್ದಾಗ ಎಲ್ಲ ಕಡೆ ಜೀಪಿನವರು ಕಲಿಸುವ ಪಾಠ ಇದೇ ಅಂತೆ. ಇವರು ಜೀಪ್ ಓಡಿಸಿದವರಲ್ಲ, ಬಂಡಿ ಹೊಡೆದವರು.

ಟ್ರ್ಯಾಕ್ಟರ್ ತಂದು ಸರಪಳಿ ಹಾಕಿ ಜಗ್ಗಿದರು. ಹೋಗುವಾಗ ಒಂದು ಮಾತು ಕೇಳಿದರು: "ಸಡಕ್ ಅದಲ್ಲ, ಯಾಕ ಬಿಟ್ರಿ?"

ಅಳಿಯ ತಲೆ ಕೆರೆದುಕೊಂಡ. ನಾನು ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡೆ. ಅವರು 'ಹಾದಿ ಯಾಕ ಬಿಟ್ರಿ' ಅನ್ನಲಿಲ್ಲ, ನೋಡಿದಿರಾ? ಅವರ ಲೆಕ್ಕದಲ್ಲಿ ನಾವು ಹಾದಿಯ ಮೇಲೇ ಇದ್ದೆವು. ಬಿಟ್ಟದ್ದು ಸಡಕ್. ಸಡಕ್ ಅಂದರೆ ಸರ್ಕಾರ ಹಾಕಿದ್ದು, ಹಾದಿ ಅಂದರೆ ಜನ ನಡೆದು ಆಗಿದ್ದು. ಸಡಕ್ ಬಿಟ್ಟವನಿಗೆ ಯಾವ ಅಪವಾದವೂ ಇಲ್ಲ. ಊರಲ್ಲಿ ದಿನಾ ಬಿಡುತ್ತಾರೆ.

'ಸಡಕ್ ನಮ್ಮ ಕಡೆ ನಡೆಯಲ್ಲ, ರಸ್ತೆ ಅನ್ನಿ' ಅಂತ ಬೆಂಗಳೂರಿನ ಗೆಳೆಯರು ಹೇಳಬಹುದು. ನಾವು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವರು, ಸಡಕ್ ನಮ್ಮ ಬಾಯಲ್ಲಿ ಉಳಿದಿದೆ. ರಸ್ತೆಯೂ ಫಾರ್ಸಿಯಿಂದ ಬಂದದ್ದೇ ತಾನೆ? ನನ್ನ ವಾದ ಇಷ್ಟೇ. 'ರಸ್ತೆ ಬಿಟ್ಟು' ಅಂದರೆ ಗಾಡಿ ಪಲ್ಟಿಯಾದ ಸುದ್ದಿ ನೆನಪಾಗುತ್ತದೆ. 'ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿದ ಬಸ್' ಅಂತ ಪತ್ರಿಕೆಯಲ್ಲಿ ಓದಿಲ್ಲವೇ? 'ಸಡಕ್ ಬಿಟ್ಟು' ಅಂದರೆ ಹಾಗಿಲ್ಲ.

ಮನೆಯಲ್ಲಿ ಅವ್ವನಿಗೆ ಈ ಟ್ರಿಪ್ಪಿನ ವಿಷಯ ಹೇಳಿದೆ. ಏಳು ಗಾಡಿ, ಬುತ್ತಿ ಕಟ್ಟಿಕೊಂಡು, ಸಡಕ್ ಬಿಟ್ಟು, ಹೊಲದ ಹಾದಿ ಗುಂಟ. ಅವ್ವ ನಕ್ಕಳು. "ಎಳ್ಳಮಾಸಿಗಿ ನಾವು ಎಲ್ಲರೂ ಹೋಗ್ತೀವಲ್ಲೋ, ಇದರಾಗೇನು ಹೊಸಾದು?" ಅಂದಳು. ಸುಳ್ಳಲ್ಲ. ಆ ದಿನ ಕಲಬುರಗಿ ಬೀದರ್ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ ಹೊತ್ತುಕೊಂಡು ಬಂಡಿ, ಟ್ರ್ಯಾಕ್ಟರ್, ಬೈಕ್ ಎಲ್ಲ ಸಡಕ್ ಬಿಡುತ್ತವೆ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ. 'ಹೊಲಕ್ಕೆ ಹೊಂಟೀವಿ' ಅಷ್ಟೇ.

ಇನ್ನು 'ಟ್ರೇಲ್'. ಇದು ಇನ್ನೂ ಜಿಗುಟು.

ಅಳಿಯನಿಗೆ ಹುಚ್ಚು ಹಿಡಿಸಿದ್ದು ಅಮೆರಿಕದ ರೂಬಿಕಾನ್ ಟ್ರೇಲ್. ಕ್ಯಾಲಿಫೋರ್ನಿಯಾದ ಸಿಯೆರ್ರಾ ನೆವಾಡಾ ಬೆಟ್ಟದಲ್ಲಿ ಟಾಹೋ ಸರೋವರದ ಕಡೆ ಹೋಗುತ್ತದೆ. ಉದ್ದ ಸುಮಾರು 35 ಕಿಲೋಮೀಟರ್. ಇಷ್ಟಕ್ಕೇ ಎರಡು ಮೂರು ದಿನ ಬೇಕು, ಮಂಚದಷ್ಟು ದೊಡ್ಡ ಬಂಡೆಗಳ ಮೇಲೆ ಗಾಲಿ ಹತ್ತಿಸಿ ಇಳಿಸುತ್ತಾ ಹೋಗಬೇಕಲ್ಲ. ಅದರ ಹೆಸರಲ್ಲೇ ಒಂದು ಜೀಪ್ ಮಾಡಿ ಮಾರುತ್ತಾರೆ. ಇಂಗ್ಲಿಷಿನಲ್ಲಿ ಟ್ರೇಲ್ ಅನ್ನುವುದರ ಮೂಲ ಅರ್ಥ ಎಳೆಯುವುದು. ನಮ್ಮ ಟ್ರ್ಯಾಕ್ಟರಿನ ಹಿಂದೆ ಬರುವ ಟ್ರೇಲರ್ ಅದರದೇ ಕುಲ. ಏನನ್ನೋ ಎಳೆದುಕೊಂಡು ಹೋದಾಗ ನೆಲದ ಮೇಲೆ ಉಳಿಯುವ ಗುರುತು, ಆಮೇಲೆ ಆ ಗುರುತು ಹಿಡಿದು ಆದ ಹಾದಿ.

ಹಾಗಾದರೆ 'ಜಾಡು' ಸರಿಯಾಗಬೇಕಿತ್ತು. ಬಂಡಿಜಾಡು ಅನ್ನುತ್ತೇವೆ, ಕಾಡಿನವರು ಪ್ರಾಣಿಯ ಜಾಡು ಅನ್ನುತ್ತಾರೆ. ಹೊಡೆದು ನೋಡಿದೆ: 'ಮೂರು ದಿನದ ಜಾಡು'. ಪತ್ತೇದಾರಿ ಧಾರಾವಾಹಿ ಆಯಿತು. ಜಾಡು ಹಿಡಿಯುವುದಕ್ಕೆ ಮುಂದೆ ಒಬ್ಬ ಕಳ್ಳನೋ ಚಿರತೆಯೋ ಇರಲೇಬೇಕು. ಜಾಡಿನ ಮೇಲೆ ಕೂತು ಊಟ ಮಾಡಿದೆವು ಅಂತ ಯಾರೂ ಅನ್ನುವುದಿಲ್ಲ. ಹಾದಿ ಮೇಲೆ ಕೂತು ಮಾಡಬಹುದು.

ಆಮೇಲೆ ಹಳೆಯದೊಂದು ಆಸೆ ಹುಟ್ಟಿತು: 'ಬಟ್ಟೆ'. ಹಳಗನ್ನಡದಲ್ಲಿ ಬಟ್ಟೆ ಅಂದರೆ ದಾರಿ, ಕಿಟ್ಟೆಲ್ ನಿಘಂಟಿನಲ್ಲೂ (1894) ಇದೆ. ಹೆದ್ದಾರಿಗೆ ಹೆಬ್ಬಟ್ಟೆ ಅನ್ನುತ್ತಿದ್ದರು. ಬಟ್ಟೆಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೂ ಮುಟ್ಟುವುದಿಲ್ಲ ಅಂತ ಸತ್ಯಕ್ಕ ವಚನದಲ್ಲಿ ಆಣೆ ಹಾಕುತ್ತಾಳೆ. ಅಲ್ಲಿ ಬಟ್ಟೆ ದಾರಿ, ವಸ್ತ್ರ ಬೇರೆ. ನಮ್ಮ ಬೀದರಿನ ಮರಾಠಿಯವರ 'ವಾಟ', ಸೇಡಂ ಚಿಂಚೋಳಿ ಗಡಿಯ ತೆಲುಗಿನವರ 'ಬಾಟ' ಎಲ್ಲ ಇದರ ಅಣ್ಣತಮ್ಮಂದಿರು. ಮೂರು ಭಾಷೆಯ ನಡುವೆ ಇರುವ ನಮಗೆ ಇದಕ್ಕಿಂತ ಚೆಂದದ ಪದ ಬೇಕೇ? ಖುಷಿಯಿಂದ 'ಎರಡನೇ ದಿನ: ಕಲ್ಲುಬಟ್ಟೆ' ಅಂತ ಹಾಕಿ ಕರಡು ಪ್ರತಿ ತೆಗೆದೆ. ಗ್ಯಾರೇಜಿನ ಹುಡುಗ ಓದಿ ಕೇಳಿದ: "ಕಲ್ಲುಬಟ್ಟಿ ಅಂದ್ರ ಜೀನ್ಸ್ ಏನ್ರಿ ಅಣ್ಣಾ? ಎರಡ್ನೇ ದಿನಕ್ಕ ಬ್ಯಾರೇನೇ ತರಬೇಕಾ?" ಅಳಿಸಿದೆ. ಪದ ಸತ್ತಿಲ್ಲ, ಅದರ ಮನೆಯಲ್ಲಿ ಬೇರೆಯವರು ಬಾಡಿಗೆಗೆ ಇದ್ದಾರೆ.

ಮರಾಠಿಯಲ್ಲಿ 'ಚಾಕೋರಿ' ಅಂತ ಇದೆ. ಗಾಲಿ ಓಡಾಡಿ ಬಿದ್ದ ಗೆರೆ, ಅದರಿಂದ ಸವೆದ ಹಾದಿ ಎರಡಕ್ಕೂ ಅದೊಂದೇ ಪದ. ಹೊಟ್ಟೆಕಿಚ್ಚು ಬರುತ್ತದೆ. ಔರಾದ್, ಭಾಲ್ಕಿ ಕಡೆಯವರು ಬಳಗದಲ್ಲಿದ್ದರೆ ಹೇಳಿ, ನಿಮ್ಮೂರಿನ ಕನ್ನಡದೊಳಗೆ ಇದು ಇಳಿದಿದೆಯಾ?

ಕಂದಾಯದವರ ಮಾತು ಒಂದು ನನಗೆ ಬಹಳ ಹಿಡಿಸಿದೆ: 'ನಕಾಶೆ ಕಂಡ ದಾರಿ'. ಹೊಲದ ಹಾದಿ ಜಗಳದ ಅರ್ಜಿ ಟೈಪ್ ಮಾಡುವಾಗ ವಾರಕ್ಕೊಮ್ಮೆಯಾದರೂ ಬರುತ್ತದೆ. ಗ್ರಾಮ ನಕಾಶೆಯಲ್ಲಿ ಕಾಲುದಾರಿಗೆ ಒಂದು ತುಂಡು ಗೆರೆ, ಬಂಡಿದಾರಿಗೆ ಜೋಡಿ ಗೆರೆ. ಗೆರೆ ಇದ್ದರೆ ಅದು ನಕಾಶೆ ಕಂಡ ದಾರಿ, ಯಾರೂ ಬೇಲಿ ಹಾಕುವ ಹಾಗಿಲ್ಲ. ಅಂದಮೇಲೆ ಅಳಿಯನ ಟ್ರಿಪ್ 'ನಕಾಶೆ ಕಾಣದ ಹಾದಿ' ಅಲ್ವಾ? ಹೆಸರು ಚೆಂದ, ಆದರೆ ಕೈಬಿಟ್ಟೆ. ನಕಾಶೆ ಕಾಣದ ಹಾದಿ ಅಂದರೆ ಇನ್ನೊಬ್ಬರ ಖಾಸಗಿ ಹೊಲ. ತೊಗರಿ ರಾಶಿ ಆಗದ ಹೊಲದಲ್ಲಿ ಏಳು ಜೀಪ್ ನುಗ್ಗಿದರೆ ಟ್ರಿಪ್ ಠಾಣೆಯಲ್ಲಿ ಮುಗಿಯುತ್ತದೆ. ಕೊನೆಗೆ ಟ್ರೇಲ್ ಇದ್ದ ಕಡೆಯೆಲ್ಲ 'ಬಂಡಿದಾರಿ' ಹಾಕಿದ್ದೇನೆ. ಬಂಡಿಗಳು ಕಮ್ಮಿಯಾಗಿವೆ, ದಾರಿಗೆ ಹೆಸರು ಹಾಗೇ ಇದೆ.

ಗಾಡಿಗಳು ಸಾಲಾಗಿ ಹೋಗುವುದಕ್ಕೆ ಮೊದಲು 'ತಾಂಡಾ' ಹಾಕೋಣ ಅಂತಿದ್ದೆ. ಲಂಬಾಣಿಗರು ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಗುಂಪಾಗಿ ತಿರುಗುತ್ತಿದ್ದ ಕಾಲದಲ್ಲಿ ಆ ತಿರುಗುವ ಗುಂಪೇ ತಾಂಡಾ. ಈಗ ಅವರು ನೆಲೆ ನಿಂತಿದ್ದಾರೆ, ಪದವೂ ನೆಲೆ ನಿಂತಿದೆ. ಚಿಂಚೋಳಿ ಸುತ್ತ ತಾಂಡಾ ಅಂದರೆ ಊರು. 'ತಾಂಡಾ ಬೆಳಿಗ್ಗೆ 6ಕ್ಕೆ ಹೊರಡುತ್ತದೆ' ಅಂತ ಬರೆದರೆ ಓದಿದವರು ನನ್ನ ತಲೆ ಮುಟ್ಟಿ ನೋಡುತ್ತಾರೆ. 'ಗಾಡಿ ಸಾಲು' ಸಾಕು. ಮುಂದಿನ ಗಾಡಿ, ಕಡೀ ಗಾಡಿ. ನಿಯಮ ಹೀಗೆ ಬರೆದಿದ್ದೇನೆ: 'ಹಾದಿ ಕವಲೊಡೆದ ಕಡೆ ಹಿಂದಿನ ಗಾಡಿ ಕಾಣುವವರೆಗೆ ನಿಲ್ಲಬೇಕು.'

ಇಳಿದು ಮುಂದೆ ನಡೆಯುತ್ತಾ ಎಡಕ್ಕೆ ಬಲಕ್ಕೆ ಅಂತ ಗಾಲಿಗೆ ಜಾಗ ತೋರಿಸುವವನಿಗೆ ಅಳಿಯನ ಹತ್ತಿರ ಇನ್ನೊಂದು ಇಂಗ್ಲಿಷ್ ಪದ. ನಾನು 'ಕ್ಲೀನರ್' ಅಂತ ಹಾಕಿದೆ. ಅವನಿಗೆ ಇಷ್ಟ ಆಗಲಿಲ್ಲ, ಲಾರಿ ವಾಸನೆ ಬರುತ್ತದಂತೆ. ಬರಲಿ. "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನುವವನಿಗಿಂತ ಈ ಕೆಲಸ ಯಾರಿಗೆ ಗೊತ್ತು?

ಉಳಿದವು ಬೇಗ ಬಗೆಹರಿದವು. 'ಗಾಲಿಯ ಗಾಳಿ ಇಳಿಸಿ' ಅಂತ ಬರೆದಿದ್ದೆ, ಓದಿ ಹೇಳಿದವನ ನಾಲಿಗೆ ಹೊರಳಲಿಲ್ಲ. 'ಹವಾ ಕಮ್ಮಿ ಮಾಡಿ, 32 ಇದ್ದರೆ 20ಕ್ಕೆ ತನ್ನಿ' ಅಂತ ತಿದ್ದಿದೆ. 'ಎಣ್ಣೆ ಜಾಸ್ತಿ ಇಟ್ಟುಕೊಳ್ಳಿ' ಅನ್ನುವುದನ್ನು ಡೀಸೆಲ್ ಅಂತ ಬದಲಿಸಿದೆ, ಕಾರಣ ಹೇಳಬೇಕಾಗಿಲ್ಲ. ಎರಿ, ಮುರುಮ, ಉಸುಕು, ರಾಡಿ ಇವು ಹಾಗೇ ಇವೆ. ಮೂರನೇ ದಿನ ಬೀದರ್ ಕಡೆಯ ಕೆಂಪು ನೆಲ, ಅಲ್ಲಿ ಗಾಡಿ ಹೂತುಕೊಳ್ಳುವ ಭಯ ಕಮ್ಮಿ.

ಚಿಂಚೋಳಿ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದ್ದಾರೆ. ಅಲ್ಲಿ ಬೇಕಾದ ಕಡೆ ಗಾಡಿ ನುಗ್ಗಿಸುವ ಹಾಗಿಲ್ಲ, ಅರಣ್ಯ ಇಲಾಖೆಯ ಪರವಾನಗಿಯೂ ಬೇಕು. ಆ ಸೂಚನೆ ಬರೆಯುವಾಗ ನನ್ನ ಪದಕ್ಕೆ ಒಂದು ಪರೀಕ್ಷೆ ಆಯಿತು. 'ಧಾಮದೊಳಗೆ ಯಾರೂ ಸಡಕ್ ಬಿಡಬಾರದು.' ಇದನ್ನು ಓದಿ ಯಾರೂ ಏನೂ ಕೇಳಲಿಲ್ಲ. ಇಷ್ಟು ಹೊತ್ತು ಪರದಾಡಿಸಿದ ಪದ, 'ಬೇಡ' ಅನ್ನುವ ಸಾಲಿನಲ್ಲಿ ಸಲೀಸಾಗಿ ಕೂತಿತು!

ಈಗ ನಿಮ್ಮಿಂದ ಬೇಕಾದ್ದು. ಕೊರಕಲುಗಳ ನಡುವಿನ ಏರು ಮಣ್ಣಿಗೆ ನಿಮ್ಮ ಕಡೆ 'ದಿಂಡು' ಅನ್ನುತ್ತಾರಾ, ಬೇರೆ ಹೆಸರಿದೆಯಾ? ಯಾದಗಿರಿ, ಸುರಪುರದವರು ಹೇಳಿದರೆ ಒಳ್ಳೆಯದು. ಏರಿನಲ್ಲಿ ನಿಂತ ಗಾಡಿ ಹಿಂದೆ ಜಾರದ ಹಾಗೆ ಗಾಲಿ ಹಿಂದೆ ಇಡುವ ಕಲ್ಲಿಗೆ ಒಂದೇ ಪದ ಬೇಕು. ನಾವು 'ಗಾಲಿಗಿ ಕಲ್ಲ ಕೊಡು' ಅಂತಷ್ಟೇ ಅನ್ನುತ್ತೇವೆ. ಬಂಡಿ ಹೊಡೆದ ಅಜ್ಜಂದಿರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ.

ತಲೆಬರಹ ಸದ್ಯಕ್ಕೆ 'ಸಡಕ್ ಬಿಟ್ಟು ಮೂರು ದಿನ' ಅಂತ ದಪ್ಪಕ್ಷರದಲ್ಲಿ ಕೂರಿಸಿದ್ದೇನೆ. ಮಂಗಳವಾರ ಸಂಜೆ ಪ್ಲೇಟಿಗೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಅದರೊಳಗೆ ತಿಳಿಸಿ.