ಸಹಾಯ ಬೇಕು: ಹಳೇ ಆರ್ಕೇಡ್ ಬೋರ್ಡ್ ಪದೇ ಪದೇ ರೀಸೆಟ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. 1980ರ ದಶಕದ ಆರ್ಕೇಡ್ ಕ್ಯಾಬಿನೆಟ್ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರ) ಒಂದರ ಬೋರ್ಡ್ ಹಿಡಿದು ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಆನ್ ಮಾಡಿದರೆ ಪರದೆ ತುಂಬ ಅಕ್ಷರಗಳ ಚಿಂದಿ. ಒಂದು ಕ್ಷಣ ಮಾಯ, ಮತ್ತೆ ಅದೇ ಚಿಂದಿ. ಆಟ ಶುರುವಾಗುವುದೇ ಇಲ್ಲ.

ಪವರ್ ಸಪ್ಲೈ ಬಳಿ 5.05 ವೋಲ್ಟ್ ಇದ್ದರೂ ಚಿಪ್‌ಗಳ ಹತ್ತಿರ 4.6 ಮಾತ್ರ ಇತ್ತು. ಬೋರ್ಡ್ ಅಂಚಿನಲ್ಲಿ ವೈರಿಂಗ್ ಸೇರುವ ಎಡ್ಜ್ ಕನೆಕ್ಟರ್‌ನ ಹಲ್ಲುಗಳು ಕಪ್ಪಾಗಿದ್ದವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿದ ಮೇಲೆ 4.95 ಆಯಿತು. ಗೆದ್ದೆ ಅಂದುಕೊಂಡೆ, ಎಲ್ಲಿ!

ಝಡ್80 ಪ್ರೊಸೆಸರ್‌ನ 26ನೇ ಪಿನ್‌ಗೆ, ಅಂದರೆ ರೀಸೆಟ್‌ಗೆ, ಲಾಜಿಕ್ ಪ್ರೋಬ್ (ಸಿಗ್ನಲ್ ಹೈ ಇದೆಯೋ ಲೋ ಇದೆಯೋ ದೀಪದಲ್ಲಿ ತೋರಿಸುವ ಕಡ್ಡಿ) ಇಟ್ಟೆ. ಸುಮ್ನೆ ಹೈ ಆಗಿರಬೇಕಿತ್ತು. ಪ್ರೋಬ್ ದೀಪ ಮಿಣಮಿಣ ಅನ್ನುತ್ತಿದೆ. ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ತಾನೇ ರೀಸೆಟ್ ಮಾಡುವ ಸರ್ಕ್ಯೂಟ್) ಕಚ್ಚುತ್ತಿದೆ ಅಂದರೆ ಪ್ರೋಗ್ರಾಂ ಎಲ್ಲೋ ದಾರಿ ತಪ್ಪುತ್ತಿದೆ, ಅಲ್ವಾ? 6ನೇ ಪಿನ್‌ನಲ್ಲಿ ಕ್ಲಾಕ್, ಅಂದರೆ ಪ್ರೊಸೆಸರ್‌ಗೆ ತಾಳ ಹಾಕುವ ಸಿಗ್ನಲ್, ಬರುತ್ತಿದೆ.

2114 ರ್‍ಯಾಮ್ ಚಿಪ್‌ಗಳಲ್ಲಿ ಒಂದು ಮಾತ್ರ ಬೆರಳಿಟ್ಟರೆ ಚುರುಕ್ ಅನ್ನುತ್ತದೆ. ಅದರ ಬೆನ್ನ ಮೇಲೆ ಒಳ್ಳೇ ಚಿಪ್ ಕೂರಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಈ ಉಪಾಯವನ್ನು ಜಾಸ್ತಿ ನಂಬುವ ಹಾಗೂ ಇಲ್ಲ. ಕೆಟ್ಟ ಚಿಪ್ ಲೈನನ್ನು ಕೆಳಗೆ ಎಳೆದು ಹಿಡಿದಿದ್ದರೆ ಒಳ್ಳೇದೂ ಸೋಲುತ್ತದೆ.

ಈಗ ಆ ರ್‍ಯಾಮ್ ಕಿತ್ತು ಸಾಕೆಟ್ ಹಾಕಲೋ, ಮೊದಲು ಆಟದ ಪ್ರೋಗ್ರಾಂ ಇರುವ ಈಪ್ರಾಮ್ ಚಿಪ್‌ಗಳನ್ನು ಓದಿಸಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಅಂತ ತಿಳಿಸುವ ಮೊತ್ತ) ನೋಡಲೋ? ನನ್ನ ಬಳಿ ಆಸಿಲೋಸ್ಕೋಪ್ ಇಲ್ಲ. ಬೋರ್ಡಿನ ತಾಮ್ರದ ಟ್ರ್ಯಾಕ್ ಎದ್ದು ಬರದ ಹಾಗೆ ಡಿಸೋಲ್ಡರ್ ಮಾಡುವುದು (ಬೆಸುಗೆ ಬಿಡಿಸುವುದು) ಗೊತ್ತಿದ್ದವರು ಅದನ್ನೂ ಸ್ವಲ್ಪ ಹೇಳಿ.